ಕೊಟ್ಟ ಪುಸ್ತಕದ ಕಾಲಮಿಗೆ ಪದ ಬೇಕು: ಎರವಲು, ಕಡ, ಕೈಗಡ?

ಕದ್ರಿ, ಮಂಗಳೂರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿ ಕೇಳುತ್ತಿದ್ದೇನೆ.

ನಮ್ಮ ಓದುಗರ ಗುಂಪಿನಿಂದ ಒಂದು ನೋಟ್‌ಬುಕ್ ಅಚ್ಚು ಹಾಕಿಸುತ್ತಿದ್ದೇವೆ. ಮನೆಯಲ್ಲಿರುವ ಪುಸ್ತಕಗಳ ಲೆಕ್ಕ ಇಡಲಿಕ್ಕೆ. ಎಡಗಡೆ ಪುಟದಲ್ಲಿ ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಎಲ್ಲಿ ಕೊಂಡದ್ದು, ಎಷ್ಟಕ್ಕೆ. ಬಲಗಡೆ ಓದಿನ ಲೆಕ್ಕ. ಮೊಬೈಲಿನಲ್ಲಿ ಇಂಥ ಆ್ಯಪ್‌ಗಳು ಬೇಕಾದಷ್ಟಿವೆ, ಗೊತ್ತು. ಆದರೆ ನಮ್ಮ ಕಪಾಟಿನ ಹಳೆಯ ಕನ್ನಡ ಪುಸ್ತಕಗಳನ್ನು ಹುಡುಕಿದರೆ ಅವುಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಸ್ಕ್ಯಾನ್ ಮಾಡೋಣ ಅಂದರೆ ಹಿಂದಿನ ರಟ್ಟಿನಲ್ಲಿ ಬಾರ್‌ಕೋಡೇ ಇಲ್ಲ. ಹಾಗಾಗಿ ಕಾಗದವೇ ಸರಿ ಅಂತ ತೀರ್ಮಾನ ಆಯಿತು.

ಎರಡು ಕಾಲಮಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.

ಬೇರೆಯವರಿಗೆ ಓದಲಿಕ್ಕೆ ಕೊಟ್ಟ ಪುಸ್ತಕಕ್ಕೆ ಯಾವ ತಲೆಬರಹ? 'ಎರವಲು' ಅಂದರೆ ಸರಕಾರಿ ಲೈಬ್ರರಿಯ ಚೀಟಿ ಹಾಗೆ ಕಾಣುತ್ತದೆ ಅಂತ ಗುಂಪಿನಲ್ಲಿ ಒಬ್ಬರ ತಕರಾರು. 'ಸಾಲ' ಅಂದರೆ ಬ್ಯಾಂಕು. ಇನ್ನೊಂದು, ಕೊಂಡು ತಂದು ಇನ್ನೂ ಓದದ ಪುಸ್ತಕದ್ದು. 'ಓದಬೇಕಾದದ್ದು' ಅಂತ ಹಾಕಿದರೆ ಪರೀಕ್ಷೆಯ ಸಿಲೆಬಸ್ ನೆನಪಾಗುತ್ತದೆ.

ಶುಕ್ರವಾರ ಸಂಜೆಯೊಳಗೆ ಪ್ರೆಸ್ಸಿಗೆ ಫೈಲ್ ಹೋಗಬೇಕು. ಕಾಲಮಿನ ಅಗಲ ಒಂದು ಇಂಚಿಗಿಂತ ಚೂರು ಜಾಸ್ತಿ, ಅಷ್ಟೇ. ಉದ್ದದ ಪದ ಹಿಡಿಯುವುದಿಲ್ಲ.

ಕುಂಜಿಬೆಟ್ಟು, ಉಡುಪಿ:

ಎರವಲು. ಬೇರೆ ಪದ ಹುಡುಕುವ ಅಗತ್ಯವೇ ಇಲ್ಲ.

ಸಾಲಕ್ಕೂ ಎರವಲಿಗೂ ಇರುವ ವ್ಯತ್ಯಾಸವನ್ನು ಹಿರಿಯರು ಚೆನ್ನಾಗಿ ಕಾಪಾಡಿಕೊಂಡು ಬಂದಿದ್ದಾರೆ. ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ತಂದರೆ ಅದೇ ಅಕ್ಕಿಯನ್ನು ಯಾರೂ ಹಿಂದೆ ಕೊಡುವುದಿಲ್ಲ. ಅಷ್ಟೇ ಅಳತೆಯ ಬೇರೆ ಅಕ್ಕಿ ಕೊಡುತ್ತಾರೆ. ಅದು ಸಾಲ. ಮದುವೆಗೆ ಹಾಕಿಕೊಳ್ಳಲು ಸರ ತಂದರೆ ಅದೇ ಸರ ಹಿಂದೆ ಹೋಗಬೇಕು. ಅದು ಎರವಲು. ಪುಸ್ತಕ ಯಾವ ಗುಂಪಿಗೆ ಸೇರುತ್ತದೆ ಅಂತ ಬೇರೆ ಹೇಳಬೇಕಾ? ನೀವು ಪೆನ್ಸಿಲಿನಲ್ಲಿ ಗೀಟು ಹಾಕಿದ ಪ್ರತಿಯೇ ನಿಮಗೆ ವಾಪಸ್ ಬೇಕು. ಅಂಗಡಿಯಿಂದ ತಂದ ಹೊಸ ಪ್ರತಿ ಅಲ್ಲ.

ಮೂಲವೂ ಸ್ಪಷ್ಟ. 'ಎರೆ' ಅಂದರೆ ಬೇಡು. ಬೇಡಿ ತಂದದ್ದು ಎರವು, ಎರವಲು. ತಮಿಳಿನಲ್ಲಿ ಇರವಲ್. ಇಷ್ಟು ಹಳೆಯ, ಇಷ್ಟು ಖಚಿತವಾದ ಪದ ಕೈಯಲ್ಲಿದ್ದೂ ಚೀಟಿಯ ಹಾಗೆ ಕಾಣುತ್ತದೆ ಅಂತ ಬಿಡುವುದು ನ್ಯಾಯವಲ್ಲ.

ಬ್ರಹ್ಮಾವರ:

ಮಾಸ್ಟ್ರೇ, ಬೇಡಿ ತಂದದ್ದು ಅಂತ ನೀವೇ ಬರೆದಿರಿ. ಹಾಗಾದರೆ ಎರವಲು ಅನ್ನುವುದು ತೆಗೆದುಕೊಂಡವನ ಕಡೆಯ ಮಾತು. ಇವರ ನೋಟ್‌ಬುಕ್ ಇರುವುದು ಕೊಟ್ಟವನ ಮನೆಯಲ್ಲಿ. ಕೊಟ್ಟವನು ಯಾರಲ್ಲೂ ಬೇಡಲಿಲ್ಲ.

ನನ್ನ ಸಲಹೆ 'ಕಡ'. ನಮ್ಮ ಕಡೆ ಕತ್ತಿ, ಕೊಡೆ, ಪುಸ್ತಕ ಎಲ್ಲವನ್ನೂ ಕಡ ಕೊಡುತ್ತಾರೆ, ಕಡ ತರುತ್ತಾರೆ. ಎರಡು ಕಡೆಗೂ ಸಲ್ಲುತ್ತದೆ. ತುಳುವಿನಲ್ಲೂ ಕಡ, ತಮಿಳಿನಲ್ಲಿ ಕಡನ್. ಎರಡೇ ಅಕ್ಷರ, ಕಾಲಮಿಗೂ ಹಿಡಿಯುತ್ತದೆ. ಅದಕ್ಕಿಂತಲೂ ಚಂದ ಬೇಕಾದರೆ 'ಕೈಗಡ'. ಪತ್ರ ಇಲ್ಲ, ಸಾಕ್ಷಿ ಇಲ್ಲ, ಕೈಯಿಂದ ಕೈಗೆ. ಗೆಳೆಯನಿಗೆ ಕಾದಂಬರಿ ಕೊಡುವುದು ಹಾಗೆಯೇ ಅಲ್ವಾ?

ಕುಂಜಿಬೆಟ್ಟು:

ಕೈಗಡ ಹಣದ ಮಾತು. ಪುಸ್ತಕಕ್ಕೆ ಹೊಂದುವುದಿಲ್ಲ. ಕಡವೂ ಸಾಲದ ಬಳಗದ್ದೇ. ತಮಿಳಿನ ಕಡನ್ ನೀವೇ ಎತ್ತಿದಿರಿ, ಅದರ ಅರ್ಥ ಸಾಲ ಮತ್ತು ಕರ್ತವ್ಯ.

ಬ್ರಹ್ಮಾವರ:

ತಮಿಳಿನಲ್ಲಿ ಏನು ಅರ್ಥ ಅಂತ ಉಡುಪಿಯ ಬಳಕೆಯನ್ನು ಅಳೆಯಬೇಡಿ. ಆರು ಸಂಪುಟದ ತುಳು ನಿಘಂಟು ತಯಾರಾದದ್ದು ನಿಮ್ಮ ಕುಂಜಿಬೆಟ್ಟಿನಲ್ಲೇ, ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ, 1988ರಿಂದ 1997ರವರೆಗೆ. ಆ ಕೆಲಸ ಮಾಡಿದವರು ಪುಸ್ತಕದ ಕೋಣೆಯಲ್ಲಿ ಕುಳಿತು ಪದ ಕಟ್ಟಲಿಲ್ಲ. ಊರೂರಿಗೆ ಹೋಗಿ ಜನ ಹೇಳಿದ್ದನ್ನು ಬರೆದುಕೊಂಡರು. ಜನ 'ಕಡ ಕೊಡಿ' ಅಂದರೆ ಅದು ಪದವೇ.

ಮಣಿಪಾಲ:

ನೀವಿಬ್ಬರೂ ಸಣ್ಣ ಕಾಲಮಿಗೆ ಜಗಳ ಮಾಡುತ್ತಿದ್ದೀರಿ. ಮುಖಪುಟದಲ್ಲಿ 'ಪುಸ್ತಕ' ಅಂತ ಇರುವುದು ಯಾರ ಕಣ್ಣಿಗೂ ಬೀಳಲಿಲ್ಲವಾ? ಅದು ಸಂಸ್ಕೃತ. ನಮ್ಮಲ್ಲಿ 'ಹೊತ್ತಗೆ' ಇದೆ. 'ಹೊತ್ತಗೆ ವಹಿ' ಅಂತ ಇಡಿ. ಕನ್ನಡದ್ದೇ ಪದ ಕಟ್ಟಬೇಕು ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಇಷ್ಟು ವರ್ಷ ಬರೆದದ್ದು ಯಾಕೆ? ಕನ್ನಡಿಗರ ಮನೆಯ ಲೆಕ್ಕ ಕನ್ನಡದಲ್ಲೇ ಇರಲಿ.

ಕುಂಜಿಬೆಟ್ಟು:

ಹೊತ್ತಗೆ ತದ್ಭವ. ಪುಸ್ತಕವೇ ಪ್ರಾಕೃತದ ಬಾಯಿಗೆ ಬಿದ್ದು ಹಳಗನ್ನಡಕ್ಕೆ ಪೊತ್ತಗೆಯಾಗಿ ಬಂತು. ಮುಂದೆ ಪಾಲು ಹಾಲಾದ ಹಾಗೆ ಹೊತ್ತಗೆ ಆಯಿತು. 'ವಹಿ' ಮರಾಠಿ ಕಡೆಯದ್ದು. ಎರಡರಲ್ಲಿ ಒಂದೂ ನೀವು ಹೇಳುವ ಅರ್ಥದಲ್ಲಿ ಕನ್ನಡದ್ದೇ ಅಲ್ಲ.

ಇನ್ನು ಪುಸ್ತಕ ಕೂಡ ಸಂಸ್ಕೃತಕ್ಕೆ ಇರಾನಿನ ಕಡೆಯಿಂದ ಬಂದದ್ದು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಪರ್ಶಿಯನ್ನಿನಲ್ಲಿ 'ಪೋಸ್ತ್' ಅಂದರೆ ಚರ್ಮ. ಚರ್ಮದ ಮೇಲೆ ಬರೆಯುತ್ತಿದ್ದವರ ಪದ, ತಾಳೆಗರಿಯ ಮೇಲೆ ಬರೆಯುವವರ ನಾಡಿಗೆ ಬಂದು ನೆಲೆಯಾಯಿತು.

ಮಣಿಪಾಲ:

ತದ್ಭವ ಆದ ಮೇಲೆ ಅದು ಕನ್ನಡದ್ದು. ಕನ್ನಡದ ನಾಲಿಗೆಗೆ ಒಗ್ಗಿದೆ, ಕನ್ನಡದ ಪ್ರತ್ಯಯ ಹಿಡಿಯುತ್ತದೆ. ಪುಸ್ತಕ ಹಾಗಲ್ಲ.

ಬ್ರಹ್ಮಾವರ:

ಪುಸ್ತಕಕ್ಕೆ, ಪುಸ್ತಕದಲ್ಲಿ, ಪುಸ್ತಕಗಳು. ಯಾವ ಪ್ರತ್ಯಯ ಹಿಡಿಯಲಿಲ್ಲ ಹೇಳಿ.

ಮತ್ತೆ ಮಾಸ್ಟ್ರಿಗೆ ಒಂದು ಮಾತು. ಎರವಲು ಅಂದರೆ ಅದೇ ವಸ್ತು ಹಿಂದೆ ಹೋಗಬೇಕು ಅಂದಿರಿ. ಒಪ್ಪುತ್ತೇನೆ. ಹಾಗಾದರೆ 'ಎರವಲು ಪದ' ಅಂತ ನೀವೆಲ್ಲ ಬರೆಯುವುದು ತಪ್ಪು. ಅಲಮಾರು ಪೋರ್ಚುಗೀಸಿನಿಂದ ಬಂತು, ಚಾವಿ ಬಂತು, ಪಾದ್ರಿ ಬಂತು. ಅವನ್ನು ಯಾರೂ ವಾಪಸ್ ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ. ಕೊಟ್ಟವರಲ್ಲೂ ಉಳಿಯಿತು, ಪಡೆದವರಲ್ಲೂ ಉಳಿಯಿತು. ಪುಸ್ತಕ ಹಾಗಲ್ಲ. ನನ್ನಲ್ಲಿ ಇದ್ದರೆ ನಿಮ್ಮಲ್ಲಿ ಇಲ್ಲ. ಅದಕ್ಕೇ ಲೆಕ್ಕ ಇಡುವುದು. ಪದಕ್ಕೆ ಲೆಕ್ಕದ ನೋಟ್‌ಬುಕ್ ಬೇಡ. ಎಷ್ಟು ಜನ ತೆಗೆದುಕೊಂಡರೂ ಯಾರ ಕಪಾಟೂ ಖಾಲಿಯಾಗುವುದಿಲ್ಲ. ಹೀಗಿರುವಾಗ ಬೇರೆ ಭಾಷೆಯ ಪದ ಅಂತ ಕೋಪ ಮಾಡಿಕೊಳ್ಳುವುದು ಯಾಕೆ ಅಂತಲೇ ನನಗೆ ಅರ್ಥವಾಗುವುದಿಲ್ಲ.

ಮಣಿಪಾಲ:

ಖಾಲಿಯಾಗುತ್ತದೆ. ಇಂಗ್ಲಿಷಿನ ಒಂದು ಪದ ಒಳಗೆ ಬಂದಾಗ ನಮ್ಮ ಒಂದು ಪದ ಹೊರಗೆ ಹೋಗುತ್ತದೆ. ಮಕ್ಕಳಿಗೆ ಹೊತ್ತಗೆ ಗೊತ್ತಿಲ್ಲ ಅನ್ನುವುದೇ ಸಾಕ್ಷಿ. ಇದು ಸಣ್ಣ ನಷ್ಟ ಅಲ್ಲ.

ಬಿಜೈ, ಮಂಗಳೂರು:

ಕೇಳಿದವರು ಶುಕ್ರವಾರ ಅಂತ ಬರೆದಿದ್ದಾರೆ. ಅದು ಎಲ್ಲರಿಗೂ ಮರೆತ ಹಾಗಿದೆ.

ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಎಸ್. ಆರ್. ರಂಗನಾಥನ್ 1917ರಲ್ಲಿ ಗಣಿತ ಪಾಠ ಶುರು ಮಾಡಿದ್ದು ಇದೇ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಮುಂದೆ ಮದರಾಸಿನಲ್ಲಿ ಲೈಬ್ರೇರಿಯನ್ ಆಗಿ ಅವರು 1931ರಲ್ಲಿ ಲೈಬ್ರರಿಗಳಿಗೆ ಐದು ಸೂತ್ರ ಕೊಟ್ಟರು. ನಾಲ್ಕನೆಯದ್ದು, ಓದುಗರ ಸಮಯ ಉಳಿಸಬೇಕು ಅಂತ. ತಲೆಬರಹಕ್ಕೂ ಅದೇ ಅಳತೆ. ಕಣ್ಣು ಹಾಯಿಸಿದ ಕೂಡಲೇ ಗೊತ್ತಾಗಬೇಕು. ಎಲ್ಲಿಂದ ಬಂದ ಪದ ಅನ್ನುವುದು ಆಮೇಲೆ.

ಓದದ ಪುಸ್ತಕದ ಕಾಲಮಿಗೆ ದಯವಿಟ್ಟು 'ಓದದ್ದು' ಅಂತ ಮಾತ್ರ ಹಾಕಬೇಡಿ. ಪಕ್ಕದಲ್ಲೇ 'ಓದಿದ್ದು' ಇರುತ್ತದೆ. ಎರಡಕ್ಕೂ ನಡುವೆ ಇರುವುದು ಒಂದು ಗುಡಿಸು. ಸಣ್ಣ ಅಕ್ಷರದಲ್ಲಿ ಅಚ್ಚಾದರೆ ಅರ್ಧ ಜನ ತಪ್ಪು ಕಾಲಮಿನಲ್ಲಿ ಟಿಕ್ ಹಾಕುತ್ತಾರೆ. ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಕನ್ನಡದಲ್ಲಿ ನಿಷೇಧ ಇಷ್ಟು ಸಣ್ಣದಾಗಿ ಅಡಗಿರುವುದು ವಾಕ್ಯದಲ್ಲಿ ತೊಂದರೆ ಕೊಡುವುದಿಲ್ಲ. ಪಟ್ಟಿಯಲ್ಲಿ ಕೊಡುತ್ತದೆ.

'ಬಾಕಿ' ಅಂತ ಹಾಕಿ. ನಾವು ದಿನಾ ಹೇಳುವುದೇ ಹಾಗೆ: ಓದಲಿಕ್ಕೆ ಬಾಕಿ ಉಂಟು. ಎರಡು ಅಕ್ಷರ. ಪರೀಕ್ಷೆಯ ಭಯವೂ ಇಲ್ಲ.

ಇನ್ನೊಂದು ವಿಷಯ. ಓದಿನ ಲೆಕ್ಕ ಇಡುವ ಗುಡ್‌ರೀಡ್ಸ್ ಆ್ಯಪ್ ತೆರೆದರೆ ಮೂರು ಕಪಾಟು ಮೊದಲೇ ತಯಾರಿರುತ್ತವೆ. ಓದಿದ್ದು, ಈಗ ಓದುತ್ತಿರುವುದು, ಓದುವ ಆಸೆ ಇರುವುದು. ಮೂರನೆಯದ್ದರಲ್ಲಿ ಮನೆಯಲ್ಲಿರುವ ಪುಸ್ತಕವೂ ಸೇರುತ್ತದೆ, ಇನ್ನೂ ಕೊಳ್ಳದ್ದೂ ಸೇರುತ್ತದೆ. ನಿಮ್ಮದು ಮನೆಯ ಸಂಗ್ರಹದ ಲೆಕ್ಕ. ಕೊಳ್ಳುವ ಆಸೆಯನ್ನು ಹಿಂದಿನ ಪುಟಗಳಲ್ಲಿ ಬೇರೆ ಇಡಿ. ಎರಡನ್ನೂ ಬಾಕಿಯೊಳಗೆ ತುಂಬಿದರೆ ನಾಳೆ ಇರುವ ಪುಸ್ತಕವನ್ನೇ ಇನ್ನೊಮ್ಮೆ ಕೊಂಡು ತರುತ್ತೀರಿ.

ಎಡಗಡೆ ಪುಟದಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕಾಲಮು ಇಟ್ಟಿದ್ದೀರಾ? ಇಡುವುದಾದರೆ ಹದಿಮೂರು ಅಂಕಿಗೆ ಜಾಗ ಬೇಕು. 2007ರಿಂದ ಅದು ಹದಿಮೂರು, ಮೊದಲು ಹತ್ತು. ಭಾರತದ್ದಾದರೆ 978ರ ನಂತರ 81 ಅಥವಾ 93 ಬರುತ್ತದೆ. ಆದರೆ ಆ ಪದ್ಧತಿಯೇ ಬಂದದ್ದು 1970ರ ಸುಮಾರಿಗೆ. 1894ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶದ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ಆ ಜಾಗ ಖಾಲಿಯೇ ಇರುತ್ತದೆ. ಅದರ ಬದಲು ಪ್ರತಿ ಪುಸ್ತಕಕ್ಕೂ ನಿಮ್ಮದೇ ಒಂದು ಕ್ರಮಸಂಖ್ಯೆ ಕೊಡಿ. ಅದನ್ನು ಪುಸ್ತಕದ ಒಳಗೂ ಪೆನ್ಸಿಲಿನಲ್ಲಿ ಬರೆಯಿರಿ. ನಾವು ಲೈಬ್ರರಿಯಲ್ಲಿ ಅಕ್ಸೆಶನ್ ನಂಬರ್ ಅನ್ನುತ್ತೇವೆ, ಮನೆಗೆ 'ನಂಬ್ರ' ಸಾಕು. ಒಂದೇ ಕೃತಿಯ ಎರಡು ಪ್ರತಿ ಇದ್ದರೆ ಯಾವುದು ಹೊರಗೆ ಹೋಗಿದೆ ಅಂತ ಗೊತ್ತಾಗುವುದು ಇದರಿಂದ ಮಾತ್ರ.

ಕೊಟ್ಟ ಪುಸ್ತಕಕ್ಕೆ ನಾಮಪದವೇ ಬೇಕು ಅಂತ ಯಾಕೆ ಹಟ? 'ಯಾರಿಗೆ ಕೊಟ್ಟದ್ದು', 'ಬಂದದ್ದು'. ಎರಡು ಸಣ್ಣ ಕಾಲಮು, ಎರಡರಲ್ಲೂ ತಾರೀಕಿಗೆ ಜಾಗ. ಬಂದದ್ದು ಖಾಲಿ ಇದ್ದರೆ ಫೋನ್ ಮಾಡಬೇಕು ಅಂತ ಅರ್ಥ.

ಮಣಿಪಾಲ:

'ಬಾಕಿ' ಅರಬ್ಬಿ.

ಬಿಜೈ:

ಹೌದು. 'ತಾರೀಕು' ಕೂಡ. ಅದನ್ನು ಬಿಟ್ಟರೆ ದಿನಾಂಕ ಅಂತ ಸಂಸ್ಕೃತಕ್ಕೇ ಹೋಗಬೇಕಾಗುತ್ತದೆ.

ಮಣಿಪಾಲ:

'ಉಳಿದದ್ದು' ಅಂತ ಕನ್ನಡದಲ್ಲಿ ಇಲ್ಲವೇ?

ಬಿಜೈ:

ಇದೆ. ಊಟ ಆದ ಮೇಲೆ ಪಾತ್ರೆಯಲ್ಲಿ ಇರುವುದಕ್ಕೂ ಹಾಗೇ ಹೇಳುತ್ತೇವೆ. ಓದಲು ಕಾದಿರುವ ಪುಸ್ತಕಕ್ಕೆ ಆ ಪದ ನನಗೆ ಹಿತ ಅನಿಸುವುದಿಲ್ಲ. ಬಾಕಿಯಲ್ಲಿ ಮುಂದೆ ಮಾಡುತ್ತೇನೆ ಅನ್ನುವ ಮಾತು ಸೇರಿದೆ.

ಸುಳ್ಯ:

ತಡವಾಗಿ ಬರುತ್ತಿದ್ದೇನೆ. 'ಕೊಟ್ಟದ್ದು' ಸರಿಯಾ, 'ಕೊಟ್ಟಿದ್ದು' ಸರಿಯಾ? ಅಚ್ಚಿಗೆ ಹೋಗುವ ಮೊದಲು ನೋಡಿಕೊಳ್ಳಿ. ಬೆಂಗಳೂರಿನವರು ಓದಿದರೆ ಅಚ್ಚಿನ ತಪ್ಪು ಅಂತ ಹೇಳುತ್ತಾರೆ.

ಕುಂಜಿಬೆಟ್ಟು:

ಕೊಟ್ಟದ್ದು. ಕೊಟ್ಟ, ಅದು. ಕೊಟ್ಟುದು ಇದರ ಹಳೆಯ ರೂಪ. ಕೊಟ್ಟಿದ್ದು ಅನ್ನುವುದರಲ್ಲಿ 'ಇರು' ಸೇರಿಕೊಂಡಿದೆ, ಅದು ಬೇರೆ ರಚನೆ. ನಮ್ಮ ಜಿಲ್ಲೆಯವರು ಶುದ್ಧವಾಗಿಯೇ ಹೇಳುತ್ತಿದ್ದಾರೆ. ಬೆಂಗಳೂರಿಗೆ ಹೆದರಿ ತಿದ್ದುವ ಅಗತ್ಯ ಇಲ್ಲ.

ಸುಳ್ಯ:

ಹಾಗಾದರೆ ಓದಿ ಮುಗಿದದ್ದಕ್ಕೆ 'ಓದಿ ಆಯ್ತು' ಅಂತ ಹಾಕಬಹುದಾ? ನಾವು ಹೇಳುವುದು ಹಾಗೆ. ಊಟ ಆಯ್ತಾ ಅಂತ ಕೇಳಿದ ಹಾಗೆ ಪುಸ್ತಕ ಓದಿ ಆಯ್ತಾ ಅಂತ ಕೇಳುತ್ತೇವೆ.

ಕುಂಜಿಬೆಟ್ಟು:

ಮಾತಿಗೆ ಸರಿ. ಅಚ್ಚಿಗೆ ಬೇಡ.

ಬ್ರಹ್ಮಾವರ:

ಅಚ್ಚಿಗೇ ಬೇಕು ಮಾರಾಯ್ರೆ. 'ಓದಿದ್ದು' ಅಂದರೆ ಎಂದೋ ಒಮ್ಮೆ ನಾಲ್ಕು ಪುಟ ಓದಿದ್ದೂ ಆಗಬಹುದು. 'ಓದಿ ಆಯ್ತು' ಅಂದರೆ ಕೊನೆಯ ಪುಟ ಮುಟ್ಟಿದೆ. ತುಳುವರು ಊಟ ಆಯ್ತಾ ಅನ್ನುವುದಕ್ಕೆ ವನಸ್ ಆಂಡಾ ಅಂತ ಕೇಳುತ್ತಾರಲ್ಲ, ಅದೇ ಆಗು. ತುಳು, ಕನ್ನಡ ಅಕ್ಕಪಕ್ಕ ಬಾಳಿದ ಊರಿನಲ್ಲಿ ಈ ಬಳಕೆ ಗಟ್ಟಿಯಾಗಿ ನಿಂತಿದೆ. ಕೆಲಸ ಪೂರ್ತಿಯಾಯಿತು ಅನ್ನುವುದನ್ನು ಇಷ್ಟು ಚಿಕ್ಕದಾಗಿ ಹೇಳುವ ದಾರಿ ಇದ್ದಾಗ ಅದನ್ನು ಬಿಡಬಾರದು. ಪಕ್ಕದಲ್ಲಿ ಓದದ್ದು ಇದ್ದರೂ ಗುಡಿಸಿನ ಚಿಂತೆ ತಪ್ಪುತ್ತದೆ.

ಕದ್ರಿ (ಕೇಳಿದವರು):

ಎಲ್ಲರಿಗೂ ವಂದನೆ. ಇವತ್ತು ಗುಂಪಿನವರ ಜೊತೆ ಕುಳಿತು ನೋಡಿದೆವು. ಕೊನೆಗೆ ಫೈಲಿನಲ್ಲಿ ಹೀಗೆ ಹೋಗುತ್ತಿದೆ: ನಂಬ್ರ, ಹೆಸರು, ಬರೆದವರು, ಪ್ರಕಾಶಕರು, ಎಲ್ಲಿ ಕೊಂಡದ್ದು, ಎಷ್ಟಕ್ಕೆ. ಐಎಸ್‌ಬಿಎನ್ ತೆಗೆದೆವು. ಬಲಗಡೆ: ಬಾಕಿ, ಓದುತ್ತಾ ಇರುವುದು, ಓದಿ ಆಯ್ತು, ಯಾರಿಗೆ ಕೊಟ್ಟದ್ದು, ಬಂದದ್ದು. ಕೊಳ್ಳಬೇಕಾದ ಪುಸ್ತಕಕ್ಕೆ ಕೊನೆಯಲ್ಲಿ ಎಂಟು ಪುಟ.

ಕೊನೆಯ ಎರಡು ಕಾಲಮಿನ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಬರುತ್ತದೆ. ಅಲ್ಲಿ 'ಎರವಲು' ಇಟ್ಟಿದ್ದೇವೆ. ಅದೇ ಪ್ರತಿ ವಾಪಸ್ ಬರಬೇಕು ಅನ್ನುವ ಮಾತು ನಮಗೆಲ್ಲ ಹಿಡಿಸಿತು. ಬೇಡಿದವರು ಯಾರು ಅನ್ನುವುದು ಅದರ ಕೆಳಗಿನ ಕಾಲಮಿನಲ್ಲೇ ಹೆಸರು ಸಮೇತ ಇರುತ್ತದೆ. ಮುಖಪುಟದಲ್ಲಿ 'ಮನೆಯ ಪುಸ್ತಕಗಳು'.

ಬ್ರಹ್ಮಾವರ:

ಎರಡನೇ ಮುದ್ರಣ ಬಂದರೆ ಆ ಪಟ್ಟಿಯಲ್ಲಿ 'ಕಡ' ಇಡುವ ಬಗ್ಗೆ ಮತ್ತೆ ಮಾತಾಡೋಣ. ನನಗೆ ಒಂದು ಪ್ರತಿ ಬೇಕು, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.

ಮಣಿಪಾಲ:

'ಹೊತ್ತಗೆ' ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ. ತದ್ಭವವನ್ನು ಕನ್ನಡದ್ದು ಅನ್ನಬಹುದೇ ಇಲ್ಲವೇ ಅನ್ನುವುದು ಅಲ್ಲಿ ತೀರ್ಮಾನ ಆಗಲಿ.