ಒತ್ತೊತ್ತಾದ ಬೋರ್ಡಿನಲ್ಲಿ ಇಂಡಕ್ಟರ್‌ಗಳ ಕಿರಿಕಿರಿ: ಯಾರಿಗಾದ್ರೂ ಅನುಭವ ಇದೆಯಾ?

ಪ್ರಶ್ನೆ: 24 ವೋಲ್ಟಿನಿಂದ 5 ವೋಲ್ಟ್ ಮಾಡುವ ಬಕ್ ಕನ್ವರ್ಟರ್, 500 ಕಿಲೋಹರ್ಟ್ಸ್. ಅದರ ಇಂಡಕ್ಟರಿಗೂ (ತಂತಿ ಸುತ್ತಿದ ಕಾಯಿಲ್) ಇನ್‌ಪುಟ್ ಫಿಲ್ಟರ್ ಇಂಡಕ್ಟರಿಗೂ ನಡುವೆ 3 ಮಿ.ಮೀ. ಜಾಗ ಅಷ್ಟೇ. ಫಿಲ್ಟರ್ ಇದ್ದೂ ಇನ್‌ಪುಟ್ ವೈರಿನಲ್ಲಿ ಸ್ವಿಚಿಂಗ್ ನಾಯ್ಸ್ (ಕನ್ವರ್ಟರ್ ಪದೇ ಪದೇ ಆನ್-ಆಫ್ ಆಗುವಾಗ ಹುಟ್ಟುವ ಗದ್ದಲ) ಹಾಗೇ ಇದೆ. ಏನು ಮಾಡಲಿ?

ಉತ್ತರ 1: ಎರಡೂ ಇಂಡಕ್ಟರ್ ಸೇರಿ ಟ್ರಾನ್ಸ್‌ಫಾರ್ಮರ್ ಆಗಿರಬೇಕು, ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ತಾಗುತ್ತೆ. ನಾಯ್ಸ್ ಫಿಲ್ಟರ್ ಒಳಗೆ ಹೋಗದೆ ಗಾಳಿಯಲ್ಲೇ ದಾಟುತ್ತೆ, ಹಾಗಾಗಿ ಕೆಪಾಸಿಟರ್ ಜಾಸ್ತಿ ಹಾಕಿದರೂ ಸುಮ್ನೆ ದುಡ್ಡು ದಂಡ. ಬಕ್ ಇಂಡಕ್ಟರಿನ ತಂತಿ ಸುತ್ತು ಹೊರಗೆ ಕಾಣ್ತಿದ್ರೆ ಮೊದಲು ಅದನ್ನು ತೆಗೆದು ಷೀಲ್ಡೆಡ್ ಅಥವಾ ಮೋಲ್ಡೆಡ್ (ಸುತ್ತನ್ನು ಕಾಂತೀಯ ವಸ್ತುವಿನಿಂದ ಮುಚ್ಚಿರುವ) ಹಾಕಿ. ಸೆಮಿ ಷೀಲ್ಡೆಡ್ ಅಂತ ಮಾರೋದರಲ್ಲಿ ಸುತ್ತಿನ ಮೇಲೆ ಫೆರೈಟ್ ಪುಡಿ ಬೆರೆಸಿದ ಎಪಾಕ್ಸಿ ಬಳಿದಿರ್ತಾರೆ, ಪರವಾಗಿಲ್ಲ ಅನ್ನುವಷ್ಟು. ಬದಲಾಯಿಸುವಾಗ ಸ್ಯಾಚುರೇಶನ್ ಕರೆಂಟ್ (ಇದನ್ನು ಮೀರಿದರೆ ಇಂಡಕ್ಟೆನ್ಸ್ ಕುಸಿಯುತ್ತೆ) ನೋಡ್ಕೊಳ್ಳಿ.

ಉತ್ತರ 2: ಒಂದು ಇಂಡಕ್ಟರನ್ನು 90 ಡಿಗ್ರಿ ತಿರುಗಿಸಿ ಅಂತ ಎಲ್ಲರೂ ಹೇಳ್ತಾರೆ, ಆದರೆ ನಿಂತಿರುವ ಡ್ರಮ್ ಕೋರನ್ನು (ನೂಲಿನ ಉರುಳೆಯಂಥ ಇಂಡಕ್ಟರ್) ಬೋರ್ಡಿನ ಮೇಲೆ ಎಷ್ಟು ತಿರುಗಿಸಿದರೂ ಅದರ ಅಕ್ಷ ಮೇಲ್ಮುಖವಾಗೇ ಇರುತ್ತೆ, ಏನೂ ಬದಲಾಗಲ್ಲ. ಒಂದು ನಿಂತಿರಬೇಕು, ಇನ್ನೊಂದು ಮಲಗಿರಬೇಕು, ಆಗ ಉಪಯೋಗ. ದೂರದ ಲೆಕ್ಕ ಇಂಡಕ್ಟರ್ ನಡುವಿನಿಂದ ನಡುವಿಗೆ. ಆ ದೂರ ಎರಡರಷ್ಟಾದರೆ ಕ್ಷೇತ್ರ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಇಂಡಕ್ಟರೇ 10 ಮಿ.ಮೀ. ಅಗಲ ಇದ್ದರೆ ಒಂದು ಮಿ.ಮೀ. ಜರುಗಿಸಿ ಏನು ಬಂತು? ಫಿಲ್ಟರನ್ನು ಕನೆಕ್ಟರ್ ಇರುವ ಮೂಲೆಗೆ ಕಳಿಸಿಬಿಡಿ, ಅದು ಇರಬೇಕಾದ ಜಾಗವೂ ಅದೇ ಅಲ್ವಾ.

ಉತ್ತರ 3: ಜಾಗ ಇಲ್ಲ ಅಂತ ಒಂದರ ಕೆಳಗೆ ಇನ್ನೊಂದನ್ನು ಬೋರ್ಡಿನ ಹಿಂಬದಿಗೆ ಹಾಕಬೇಡಿ, ನಡುವೆ ಪೂರ್ತಿ ಗ್ರೌಂಡ್ ಪ್ಲೇನ್ (ಗ್ರೌಂಡಿಗೆ ಸೇರಿದ ತಾಮ್ರದ ಪದರ) ಇಲ್ಲದಿದ್ದರೆ ಪಕ್ಕದಲ್ಲಿದ್ದಾಗಿಗಿಂತ ಕೆಟ್ಟದಾಗಬಹುದು. ಬಕ್ ಇಂಡಕ್ಟರ್ ಕೆಳಗಿನ ಗ್ರೌಂಡ್ ತಾಮ್ರವನ್ನು ಸುಮ್ನೆ ಕತ್ತರಿಸಲೂಬೇಡಿ. ಅದರಲ್ಲಿ ಸುಳಿಯಂತೆ ಹರಿಯುವ ಎಡ್ಡಿ ಕರೆಂಟ್ ಕಾಂತಕ್ಷೇತ್ರವನ್ನು ತಡೆಯುತ್ತೆ, ಇಂಡಕ್ಟೆನ್ಸ್ ಚೂರು ಇಳಿಯಬಹುದು ಅಷ್ಟೇ.

ಬೋರ್ಡ್ ಮತ್ತೆ ಮಾಡಿಸುವ ಮುಂಚೆ ಒಂದು ಪರೀಕ್ಷೆ ಮಾಡಿ ಸರ್. ಫಿಲ್ಟರ್ ಇಂಡಕ್ಟರನ್ನು ಕಿತ್ತು, ಎರಡು ಗಿಡ್ಡ ವೈರ್ ಹೆಣೆದು ಬೆಸುಗೆ ಹಾಕಿ, ಬೋರ್ಡಿನಿಂದ ಮೇಲಕ್ಕೆ ಎತ್ತಿ ಹಿಡಿಯಿರಿ. ಪ್ಲಾಸ್ಟಿಕ್ ಚಿಮಟದಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾ ಆಸಿಲೋಸ್ಕೋಪ್ ನೋಡಿ. ಒಂದು ಕೋನದಲ್ಲಿ ನಾಯ್ಸ್ ಕುಗ್ಗಿ, ಮುಂದೆ ತಿರುಗಿಸಿದಾಗ ಮತ್ತೆ ಎದ್ದರೆ ರೋಗ ಇದೇ. ದೂರ ಒಯ್ದರೂ ತಿರುಗಿಸಿದರೂ ಕದಲದಿದ್ದರೆ ಇಂಡಕ್ಟರ್ ಬಿಟ್ಟುಬಿಡಿ, ಬಕ್ ಐಸಿಗೂ ಇನ್‌ಪುಟ್ ಸೆರಾಮಿಕ್ ಕೆಪಾಸಿಟರಿಗೂ ನಡುವಿನ ಲೂಪ್ ಎಷ್ಟು ದೊಡ್ಡದಿದೆ ಅಂತ ನೋಡಿ.