ಬಿಸಿಯಾದರೆ ನಿಲ್ಲುವ ಅಂಬಾಸಿಡರ್: ಕಾಯಿಲ್ ಬದಲಿಸಿದರೂ ಕಿಡಿ ಹಳದಿ

ಪ್ರಶ್ನೆ (ತೀರ್ಥಹಳ್ಳಿ)

ಮನೆಯಲ್ಲಿ 1984ರ ಅಂಬಾಸಿಡರ್ ಮಾರ್ಕ್ 4 ಇದೆ. 1489 ಸಿಸಿ ಪೆಟ್ರೋಲ್ ಎಂಜಿನ್, ಪಾಯಿಂಟ್ (ಕಾಯಿಲ್ಲಿಗೆ ಹೋಗುವ ಕರೆಂಟನ್ನು ಕೂಡಿಸಿ ಕಡಿಯುವ ಸಣ್ಣ ಸ್ವಿಚ್ಚು) ಮತ್ತು ಕಂಡೆನ್ಸರ್ (ಆ ಸ್ವಿಚ್ಚು ಸುಡದಂತೆ ಕಾಯುವ ಭಾಗ) ಇರುವ ಹಳೆಯ ಇಗ್ನಿಷನ್. ಅಪ್ಪ ಓಡಿಸುತ್ತಿದ್ದ ಕಾರು. ಮಾರುವ ಮಾತೆತ್ತಿದರೆ ಅಮ್ಮ ಊಟ ಬಿಡುತ್ತಾರೆ, ಹಾಗಾಗಿ ರಿಪೇರಿಯೊಂದೇ ದಾರಿ.

ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಮೇಗರವಳ್ಳಿ ದಾಟುವವರೆಗೆ ಆಗೊಮ್ಮೆ ಈಗೊಮ್ಮೆ ಸಣ್ಣ ಜಗ್ಗಾಟ, ಅಷ್ಟೆ. ಇಪ್ಪತ್ತು, ಇಪ್ಪತ್ತೈದು ನಿಮಿಷ ಓಡಿದ ಮೇಲೆ ಉಬ್ಬಸ ಶುರು. ಕಳೆದ ತಿಂಗಳು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಐದನೆಯ ತಿರುವಿನಲ್ಲಿ ನಿಂತೇ ಹೋಯಿತು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ.

ಪ್ಲಗ್, ಪಾಯಿಂಟ್, ಕಂಡೆನ್ಸರ್ ಎಲ್ಲವನ್ನೂ ಬದಲಿಸಿದ್ದೇನೆ. ಎರಡು ತಿಂಗಳ ಹಿಂದೆ ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಕೂಡ ಹೊಸದು ಹಾಕಿಸಿದೆ. ಮೊದಲು ತಿಂಗಳಿಗೊಮ್ಮೆ ನಿಲ್ಲುತ್ತಿದ್ದ ಕಾರು ಆಮೇಲೆ ವಾರಕ್ಕೊಮ್ಮೆ ನಿಲ್ಲತೊಡಗಿತು. ಒಬ್ಬ ಮೆಕ್ಯಾನಿಕ್ ಕಾರ್ಬ್ಯುರೇಟರ್ ಎಂದರು, ಇನ್ನೊಬ್ಬರು ಪೆಟ್ರೋಲ್ ಆವಿಯಾಗುತ್ತಿದೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಎಂದರು. ಸುತ್ತಿ ನೋಡಿದೆ, ಪ್ರಯೋಜನವಾಗಲಿಲ್ಲ. ಕಾರು ನಿಂತಾಗ ಕಾಯಿಲ್ಲಿನ ದಪ್ಪ ವೈರನ್ನು ಎಂಜಿನ್ ಬ್ಲಾಕಿನ ಹತ್ತಿರ ಹಿಡಿದು ನೋಡಿದರೆ ಕಿಡಿ ನೂಲಿನಷ್ಟು ತೆಳ್ಳಗೆ, ಹಳದಿ ಬಣ್ಣಕ್ಕಿದೆ. ಮುಂದೆ ಏನನ್ನು ಬದಲಿಸಲಿ?

ಉತ್ತರ (ಮೈಸೂರು)

ಮೂವತ್ತು ವರ್ಷ ಆಟೋ ಎಲೆಕ್ಟ್ರಿಷಿಯನ್ ಆಗಿದ್ದವನು. ಮುಂದೆ ಏನನ್ನೂ ಬದಲಿಸಬೇಡಿ. ಪಾಯಿಂಟ್ ಇಗ್ನಿಷನ್ನಿನಲ್ಲಿ ಕಿಡಿ ಸೊರಗಿದರೆ ಯಾವುದೋ ಒಂದು ಭಾಗ ಸತ್ತಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಅರ್ಧಕ್ಕರ್ಧ ಸಲ ಭಾಗಗಳೆಲ್ಲ ಚೆನ್ನಾಗಿರುತ್ತವೆ, ಅವುಗಳನ್ನು ಕೂಡಿಸುವ ವೈರು ಮತ್ತು ಜೋಡಣೆಗಳಲ್ಲಿ ವೋಲ್ಟೇಜ್ ಸೋರಿಹೋಗುತ್ತಿರುತ್ತದೆ.

ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ಕರೆಂಟ್ ಕಾಯಿಲ್ಲಿನ ಪ್ರೈಮರಿ ಸುತ್ತಿನಲ್ಲಿ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಕ್ಷೇತ್ರ ಕುಸಿದು ಸೆಕೆಂಡರಿ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಪ್ರೈಮರಿಯಲ್ಲಿ ಕರೆಂಟ್ ಎಷ್ಟು ಹರಿದಿತ್ತೋ ಕಿಡಿಗೆ ಅಷ್ಟೇ ಬಲ. ದಾರಿಯಲ್ಲಿ ಅರ್ಧ ಓಮ್ ಪ್ರತಿರೋಧ ಹೆಚ್ಚಾದರೂ ಕಿಡಿಯಲ್ಲಿ ಅದು ಕಾಣುತ್ತದೆ.

ಒಂದು ಸಾಧಾರಣ ಡಿಜಿಟಲ್ ಮೀಟರ್ ಸಾಕು. ಮೊದಲು ಇಗ್ನಿಷನ್ ಬಂದ್ ಮಾಡಿ, ಕಾಯಿಲ್ಲಿನ ಎರಡೂ ಸಣ್ಣ ವೈರುಗಳನ್ನು ಕಳಚಿ, ಪ್ರೈಮರಿಯ ಓಮ್ ಅಳೆಯಿರಿ. ಅದಕ್ಕೂ ಮುಂಚೆ ಮೀಟರಿನ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಕಳೆಯಲು ಮರೆಯಬೇಡಿ. ಆಮೇಲೆ ವೈರುಗಳನ್ನು ಮತ್ತೆ ಜೋಡಿಸಿ, ಕಾರನ್ನು ಟಾಪ್ ಗೇರಿನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ತಳ್ಳಿ, ಪಾಯಿಂಟ್ ಪೂರ್ತಿ ಮುಚ್ಚುವಂತೆ ನಿಲ್ಲಿಸಿ. ಈಗ ಇಗ್ನಿಷನ್ ಹಾಕಿ ಮೂರು ಕಡೆ ವೋಲ್ಟೇಜ್ ನೋಡಿ: ಬ್ಯಾಟರಿಯಲ್ಲಿ, ಕಾಯಿಲ್ಲಿನ ಪ್ಲಸ್ಸಿನಲ್ಲಿ, ಕಾಯಿಲ್ಲಿನ ಮೈನಸ್ಸಿನಲ್ಲಿ. ಮೀಟರಿನ ಕಪ್ಪು ತುದಿ ಬ್ಯಾಟರಿಯ ಮೈನಸ್ ಕಂಬದ ಮೇಲೆಯೇ ಇರಲಿ. ಒಂದು ನಿಮಿಷದೊಳಗೆ ಮುಗಿಸಿ ಬಂದ್ ಮಾಡಿ, ಇಲ್ಲವಾದರೆ ಕಾಯಿಲ್ ಕಾದುಹೋಗುತ್ತದೆ.

ದಪ್ಪ ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವುದನ್ನು ಇಂದೇ ಬಿಡಿ. ಹಳೆಯ ಪ್ಲಗ್ಗಿನ ಹೊರಗಿನ ಕೊಂಬನ್ನು ಮುರಿದು, ಆ ವೈರಿನ ತುದಿಗೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ತಂತಿಯಿಂದ ಎಂಜಿನ್ನಿಗೆ ಬಿಗಿದರೆ ಅದೇ ಒಳ್ಳೆಯ ಪರೀಕ್ಷಕ. ನೆರಳಿನಲ್ಲಿ ನೋಡಿ, ಬಿಸಿಲಿನಲ್ಲಿ ಒಳ್ಳೆಯ ಕಿಡಿಯೂ ಬಡವಾಗಿ ಕಾಣುತ್ತದೆ. ಹತ್ತಿರದಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಈ ಕೆಲಸವೇ ಬೇಡ.

ಉತ್ತರ (ಧಾರವಾಡ)

ನನ್ನ ಪದ್ಮಿನಿ ಕಾರಿನಲ್ಲಿಯೂ ಹೀಗೆಯೇ ಇತ್ತು. ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದೆ, ಆಮೇಲೆ ತಲೆನೋವಿಲ್ಲ. ಅದನ್ನೇ ಮಾಡಿ.

ಉತ್ತರ (ಮೈಸೂರು)

ಕಿಟ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಕಾಯಿಲ್ಲಿಗೆ ಬರುವ ವೋಲ್ಟೇಜೇ ಸರಿಯಿಲ್ಲದಿದ್ದರೆ ಕಿಟ್ಟಿಗೂ ಅದೇ ಗತಿ. ಪಾಯಿಂಟ್ ಇದ್ದರೆ ಘಾಟಿಯಲ್ಲಿ ಉಗುರಿನ ಅರದಿಂದ ಉಜ್ಜಿ ಮನೆ ಸೇರಬಹುದು, ಕಿಟ್ ಸತ್ತರೆ ಲಾರಿಯವರಿಗೆ ಕೈ ಅಡ್ಡ ಹಾಕಬೇಕು. ಮೊದಲು ಅಂಕಿಗಳು ಬರಲಿ.

ಉತ್ತರ (ಕುಂದಾಪುರ)

ನಮ್ಮ ಕರಾವಳಿಯ ಅನುಭವ ಹೇಳುತ್ತೇನೆ. ಮಳೆಗಾಲದಲ್ಲಿ ಕಿಡಿಯನ್ನು ನಾಲ್ಕೂ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಒಳಗೋಡೆಯಲ್ಲಿ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿಗಳು ಮೂಡುತ್ತವೆ. ಕಿಡಿ ಪ್ಲಗ್ಗಿಗೆ ಹೋಗದೆ ಆ ದಾರಿ ಹಿಡಿಯುತ್ತದೆ. ರಾತ್ರಿ ದೀಪವಿಲ್ಲದ ಕಡೆ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ನೋಡಿ, ವೈರುಗಳ ಮೇಲೆ ನೀಲಿ ಮಿಣುಕು ಕಂಡರೆ ಅಲ್ಲಿ ಸೋರಿಕೆ.

ಕ್ಯಾಪಿನೊಳಗೆ ತಿರುಗುತ್ತ ಕಿಡಿ ಹಂಚುವ ರೋಟರನ್ನು ಮರೆಯಬೇಡಿ. ಈಗ ಸಿಗುವ ಅಗ್ಗದ ರೋಟರುಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ಹಿಡಿದಿರುವ ರಿವೆಟ್ ಕೆಳಗಿನ ಶಾಫ್ಟಿಗೆ ತೀರ ಹತ್ತಿರವಿರುತ್ತದೆ, ಬಿಸಿಯಾದಾಗ ಕಿಡಿ ಅದರೊಳಗಿಂದಲೇ ಶಾಫ್ಟಿಗೆ ಹಾರುತ್ತದೆ. ಕ್ಯಾಪ್ ತೆಗೆದು, ಕಾಯಿಲ್ಲಿನ ದಪ್ಪ ವೈರನ್ನು ಇನ್ಸುಲೇಟೆಡ್ ಇಕ್ಕಳದಲ್ಲಿ ಹಿಡಿದು ರೋಟರಿನ ನಡುವಿಗೆ ಅರ್ಧ ಸೆಂಟಿಮೀಟರ್ ಹತ್ತಿರ ತನ್ನಿ. ಪಾಯಿಂಟನ್ನು ಮರದ ಕಡ್ಡಿಯಿಂದ ತೆರೆದು ಮುಚ್ಚಿದಾಗ ಎಡೆಬಿಡದೆ ದಪ್ಪ ಕಿಡಿ ಬಿದ್ದರೆ ರೋಟರ್ ತೂತಾಗಿದೆ.

ಪ್ರಶ್ನೆ ಕೇಳಿದವರು

ಭಾನುವಾರ ಇಡೀ ಇದೇ ಕೆಲಸ. ರೋಟರ್ ಚೆನ್ನಾಗಿದೆ, ಕಿಡಿ ಹಾರಲಿಲ್ಲ. ಕ್ಯಾಪಿನಲ್ಲಿ ಗೆರೆಗಳಿಲ್ಲ. ಕತ್ತಲಲ್ಲಿ ನೋಡಿದೆ, ಮಿಣುಕು ಇಲ್ಲ. ಮಿಂಚುಹುಳು ಇದ್ದವು.

ಮೀಟರಿನ ತುದಿಗಳನ್ನು ತಾಗಿಸಿದಾಗ 0.3 ಓಮ್, ಕಾಯಿಲ್ ಪ್ರೈಮರಿ 1.8, ಅಂದರೆ ನಿಜಕ್ಕೆ 1.5 ಓಮ್. ಪಾಯಿಂಟ್ ಮುಚ್ಚಿ ಇಗ್ನಿಷನ್ ಹಾಕಿದಾಗ ಬ್ಯಾಟರಿ 12.4, ಕಾಯಿಲ್ ಪ್ಲಸ್ 10.6, ಕಾಯಿಲ್ ಮೈನಸ್ 0.9 ವೋಲ್ಟ್. ಇಪ್ಪತ್ತು ನಿಮಿಷ ಓಡಿಸಿ ಕಾಯಿಲ್ ಮುಟ್ಟಿದೆ. ಬೆರಳು ಸುಟ್ಟಿತು.

ಉತ್ತರ (ಮೈಸೂರು)

ಕಳ್ಳರು ಒಬ್ಬರಲ್ಲ, ಮೂವರು. ದೊಡ್ಡವನನ್ನು ಮೊದಲು ಹಿಡಿಯೋಣ.

ನಿಮ್ಮ ಕಾರಿಗೆ ಬೇಕಾದದ್ದು ಸುಮಾರು 3 ಓಮ್ ಪ್ರೈಮರಿ ಇರುವ ಕಾಯಿಲ್. ನಿಮಗೆ ಕೊಟ್ಟಿರುವುದು 1.5 ಓಮ್ ಕಾಯಿಲ್. ಇದು ಬ್ಯಾಲಸ್ಟ್ ಪ್ರತಿರೋಧಕ ಇರುವ ಕಾರುಗಳಿಗಾಗಿ ಮಾಡಿದ್ದು. ಅಲ್ಲಿ ಓಡುವಾಗ ಪ್ರತಿರೋಧಕ ಒಂದಷ್ಟು ವೋಲ್ಟೇಜ್ ತಿಂದು ಕಾಯಿಲ್ಲಿಗೆ ಕಡಿಮೆ ಕೊಡುತ್ತದೆ, ಸ್ಟಾರ್ಟ್ ಮಾಡುವಾಗ ಮಾತ್ರ ಬ್ಯಾಟರಿಯಿಂದ ನೇರ. ನಿಮ್ಮ ಕಾರಿನಲ್ಲಿ ಆ ಪ್ರತಿರೋಧಕವಿಲ್ಲ. ಕಾಯಿಲ್ಲಿನ ಎರಡು ತುದಿಗಳ ನಡುವೆ 9.7 ವೋಲ್ಟ್, ಅದನ್ನು 1.5ರಿಂದ ಭಾಗಿಸಿ: ಹತ್ತಿರಹತ್ತಿರ 6.5 ಆಂಪಿಯರ್. ಈ ಪಾಯಿಂಟ್ ಸೆಟ್ ತಾಳುವುದು ನಾಲ್ಕರ ಆಸುಪಾಸು. ಆದ್ದರಿಂದಲೇ ತಣ್ಣಗಿರುವಾಗ ಚುರುಕಾಗಿದ್ದ ಕಿಡಿ, ಕಾಯಿಲ್ ಕಾದಂತೆ ಸಾಯುತ್ತಿದೆ. ತಾಮ್ರ ಕಾದಾಗ ಅದರ ಪ್ರತಿರೋಧ ಏರುತ್ತದೆ, ಒಳಗಿನ ಇನ್ಸುಲೇಷನ್ ಸೋರತೊಡಗುತ್ತದೆ. ಪಾಯಿಂಟುಗಳನ್ನು ತೆಗೆದು ನೋಡಿ, ಮುಖ ನೀಲಿಗಪ್ಪಾಗಿರಬೇಕು.

12 ವೋಲ್ಟ್ ಎಂದು ಎರಡೂ ಬಗೆಯ ಕಾಯಿಲ್ಲುಗಳ ಮೇಲೆ ಬರೆದಿರುತ್ತಾರೆ. ಕೊಳ್ಳುವಾಗ ಅಂಗಡಿಯಲ್ಲಿಯೇ ಮೀಟರ್ ಹಿಡಿಯಿರಿ, ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಎರಡನೆಯವನು ಬ್ಯಾಟರಿ ಮತ್ತು ಕಾಯಿಲ್ ಪ್ಲಸ್ ನಡುವೆ ಇದ್ದಾನೆ: 1.8 ವೋಲ್ಟ್ ಅಲ್ಲಿ ಕಾಣೆಯಾಗಿದೆ. ಸ್ವಿಚ್ಚಿನ ಹಿಂಬದಿಯಿಂದ ಬರುವ ಬಿಳಿ ವೈರಿನ ತುದಿಗಳನ್ನು ಒಂದೊಂದಾಗಿ ಕಳಚಿ, ಹಸಿರು ಕಿಲುಬು ಕೆರೆದು, ಕ್ಲಿಪ್ಪುಗಳನ್ನು ಇಕ್ಕಳದಿಂದ ಬಿಗಿ ಮಾಡಿ. ಅನುಮಾನವಿದ್ದರೆ ಬ್ಯಾಟರಿ ಪ್ಲಸ್ಸಿನಿಂದ ಕಾಯಿಲ್ ಪ್ಲಸ್ಸಿಗೆ ಫ್ಯೂಸ್ ಇರುವ ಒಂದು ವೈರ್ ನೇರವಾಗಿ ಎಳೆದು ಓಡಿಸಿ ನೋಡಿ. ಕಾರು ಹುಮ್ಮಸ್ಸಾದರೆ ದೋಷ ಆ ದಾರಿಯಲ್ಲಿಯೇ. ಹಾಗೆ ಮಾಡಿದಾಗ ಕೀ ತಿರುಗಿಸಿದರೂ ಎಂಜಿನ್ ನಿಲ್ಲುವುದಿಲ್ಲ, ವೈರನ್ನೇ ಕೀಳಬೇಕು.

ಮೂರನೆಯವನು ಪಾಯಿಂಟ್ ಬದಿಯ 0.9 ವೋಲ್ಟ್. ಅಲ್ಲಿ 0.2ಕ್ಕಿಂತ ಹೆಚ್ಚು ಇರಬಾರದು. ಸುಟ್ಟ ಪಾಯಿಂಟಿನ ಮುಖ ಕಾರಣವಿರಬಹುದು, ಬೇರೆಯೂ ಇರಬಹುದು. ಹೊಸ ಪಾಯಿಂಟ್ ಹಾಕಿದರೆ ಅದರ ಮುಖದಲ್ಲಿರುವ ರಕ್ಷಕ ಎಣ್ಣೆಯನ್ನು ಒರೆಸಿಯೇ ಹಾಕಿ. ಅಂತರ 0.35ರಿಂದ 0.40 ಮಿ.ಮೀ. ಅಂತರ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಕೂಡ ಬದಲಾಗುತ್ತದೆ, ಅದನ್ನೂ ಮತ್ತೆ ಹೊಂದಿಸಿ.

ಪ್ರಶ್ನೆ ಕೇಳಿದವರು

ಶಿವಮೊಗ್ಗಕ್ಕೆ ಹೋಗಿ 3.1 ಓಮ್ ಕಾಯಿಲ್ ತಂದೆ. ಅಂಗಡಿಯಲ್ಲಿಯೇ ಅಳೆದೆ, ಅವರು ನಿಜಕ್ಕೂ ಮುಖ ಸಿಂಡರಿಸಿದರು. ಹಳೆಯ ಪಾಯಿಂಟ್ ನೀವು ಹೇಳಿದಂತೆಯೇ ನೀಲಿಯಾಗಿತ್ತು. ಸ್ವಿಚ್ಚಿನ ಹಿಂದೆ ಒಂದು ಕ್ಲಿಪ್ ಬರಿ ನೆನಪಿನ ಮೇಲೆ ನಿಂತಿತ್ತು, ಬಿಗಿ ಮಾಡಿದೆ. ಈಗ ಬ್ಯಾಟರಿಗೂ ಕಾಯಿಲ್ ಪ್ಲಸ್ಸಿಗೂ ವ್ಯತ್ಯಾಸ 0.3 ವೋಲ್ಟ್ ಮಾತ್ರ. ಕಾಯಿಲ್ ಬೆಚ್ಚಗಾಗುತ್ತದೆ, ಆದರೆ ಕೈಯಿಟ್ಟು ತಡೆಯಬಹುದು. ಆಗುಂಬೆ ಘಾಟಿಯನ್ನು ಎಲ್ಲಿಯೂ ನಿಲ್ಲದೆ ಹತ್ತಿತು!

ಆದರೆ ಸಂತೋಷ ಅರ್ಧವೇ. ಮೇಗರವಳ್ಳಿ ಕಡೆಯ ಸಮತಟ್ಟು ರಸ್ತೆಯಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿ ಐವತ್ತರ ವೇಗದಲ್ಲಿ ಹೋಗುವಾಗ ಆ ಹಳೆಯ ಜಗ್ಗಾಟ ಹಾಗೆಯೇ ಇದೆ. ಪೂರ್ತಿ ಒತ್ತಿದರೆ ಇಲ್ಲ. ನಿಂತಲ್ಲಿ ಓಡುವಾಗಲೂ ಇಲ್ಲ. ಕಾಯಿಲ್ ಮೈನಸ್ಸಿನಲ್ಲಿ ಹೊಸ ಪಾಯಿಂಟ್ ಹಾಕಿದ ಮೇಲೂ 0.5 ವೋಲ್ಟ್ ಇದೆ.

ಉತ್ತರ (ಮೈಸೂರು)

ಹಗುರವಾಗಿ ಒತ್ತಿದಾಗ ಮಾತ್ರ ಎಂದು ಬರೆದಿರಲ್ಲ, ಬಹಳ ಬೆಲೆಯ ಮಾತು ಅದು.

ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ಬಿಲ್ಲೆಯಂಥ ಡಬ್ಬಿಯೊಂದು ಇದೆ, ಕಾರ್ಬ್ಯುರೇಟರಿನಿಂದ ಅದಕ್ಕೆ ಸಣ್ಣ ಕೊಳವೆ ಬರುತ್ತದೆ. ಅದು ವ್ಯಾಕ್ಯೂಮ್ ಅಡ್ವಾನ್ಸ್, ಗಾಳಿಯ ಎಳೆತದಿಂದ ಕಿಡಿಯನ್ನು ಸ್ವಲ್ಪ ಮುಂಚೆ ಬೀಳಿಸುವ ಭಾಗ. ಹಗುರ ಓಟದಲ್ಲಿ ಅಲ್ಲಿನ ಎಳೆತ ಹೆಚ್ಚು, ಪೂರ್ತಿ ಒತ್ತಿದಾಗ ಇಲ್ಲವೆಂಬಷ್ಟು ಕಡಿಮೆ. ಎಳೆತ ಬಂದಾಗಲೆಲ್ಲ ಪಾಯಿಂಟ್ ಕೂತಿರುವ ತಟ್ಟೆ ಸ್ವಲ್ಪ ತಿರುಗುತ್ತದೆ. ಆ ತಟ್ಟೆಯನ್ನು ಡಿಸ್ಟ್ರಿಬ್ಯೂಟರಿನ ಮೈಗೆ ಕೂಡಿಸುವ ಮೋಟು ಅರ್ಥ್ ವೈರ್ ಒಂದಿದೆ, ಪಾಯಿಂಟಿಗೆ ಕರೆಂಟ್ ತರುವ ವೈರ್ ಇನ್ನೊಂದು. ನಲವತ್ತು ವರ್ಷ ಬಾಗಿ ಬಾಗಿ ಅವುಗಳ ಎಳೆಗಳು ಒಳಗೇ ತುಂಡಾಗುತ್ತವೆ, ಹೊರಗಿನ ಬಟ್ಟೆಯ ಹೊದಿಕೆ ಮಾತ್ರ ನೆಟ್ಟಗೆ ನಿಂತಿರುತ್ತದೆ.

ಕೊಳವೆಯನ್ನು ಡಿಸ್ಟ್ರಿಬ್ಯೂಟರ್ ಕಡೆ ಕಳಚಿ, ಕಾರ್ಬ್ಯುರೇಟರ್ ಕಡೆಯಿಂದ ಬರುವ ಬಾಯಿ ಮುಚ್ಚಿ ಒಂದು ಸುತ್ತು ಓಡಿಸಿ. ಜಗ್ಗಾಟ ಹೋದರೆ ಇದೇ ದೋಷ. ಇನ್ನೂ ಖಾತ್ರಿ ಬೇಕೆಂದರೆ, ಪಾಯಿಂಟ್ ಮುಚ್ಚಿ ಇಗ್ನಿಷನ್ ಹಾಕಿ, ಕಾಯಿಲ್ ಮೈನಸ್ಸಿಗೆ ಮೀಟರ್ ಹಿಡಿದು, ಡಬ್ಬಿಗೆ ಸಿಕ್ಕಿಸಿದ ತುಂಡು ಕೊಳವೆಯನ್ನು ಬಾಯಿಂದ ಎಳೆಯಿರಿ.

ಪ್ರಶ್ನೆ ಕೇಳಿದವರು

ಬಾಯಿಂದ ಎಳೆದೆ. ಮೀಟರ್ 0.5ರಿಂದ 4ಕ್ಕೆ ಹಾರಿತು, ಇನ್ನೊಮ್ಮೆ ಎಳೆದಾಗ 12ಕ್ಕೆ! ನೋಡುತ್ತ ನಿಂತಿದ್ದ ಅಮ್ಮ ಕಾರಿಗೆ ಕೃತಕ ಉಸಿರಾಟ ಕೊಡುತ್ತಿದ್ದೀಯಾ ಎಂದರು.

ತಟ್ಟೆ ಬಿಚ್ಚಿ ನೋಡಿದರೆ ಅರ್ಥ್ ವೈರಿನಲ್ಲಿ ಉಳಿದಿದ್ದು ಎರಡೇ ಎಳೆ. ಮನೆಯಲ್ಲಿದ್ದ ಸಾಧಾರಣ ವೈರನ್ನು ಬೆಸುಗೆ ಹಾಕಬಹುದೇ?

ಉತ್ತರ (ಮೈಸೂರು)

ಬೇಡ. ಗೋಡೆಯ ವೈರಿಂಗಿನ ತಂತಿ ಹಾಕಿದರೆ ಕೆಲವೇ ವಾರಗಳಲ್ಲಿ ಮುರಿಯುತ್ತದೆ, ಜೊತೆಗೆ ಗಡಸಾಗಿ ತಟ್ಟೆಯನ್ನು ತಿರುಗಲು ಬಿಡುವುದಿಲ್ಲ. ಕೂದಲಿನಂಥ ನೂರಾರು ಎಳೆಗಳಿರುವ ಮೆತ್ತಗಿನ ವೈರ್ ಬೇಕು. ಕೆಟ್ಟ ಮೀಟರಿನ ಸಿಲಿಕೋನ್ ವೈರ್ ಇದ್ದರೆ ಅದನ್ನೇ ಕತ್ತರಿಸಿ. ಬೆಸುಗೆಯ ಸೀಸ ತುದಿಯಿಂದ ಒಳಗೆ ಹರಿಯದಂತೆ ನೋಡಿಕೊಳ್ಳಿ, ಹರಿದಲ್ಲಿ ವೈರ್ ಕಡ್ಡಿಯಾಗಿ ಅಲ್ಲಿಯೇ ಮುರಿಯುತ್ತದೆ. ಪಾಯಿಂಟಿಗೆ ಹೋಗುವ ವೈರನ್ನೂ ಇದೇ ಕೈಯಲ್ಲಿ ಬದಲಿಸಿ, ಅದರ ವಯಸ್ಸೂ ಅಷ್ಟೇ. ಎರಡೂ ಶಾಫ್ಟಿಗೆ ತಾಗದಂತೆ, ತಟ್ಟೆ ಪೂರ್ತಿ ತಿರುಗಿದರೂ ಬಿಗಿಯದಂತೆ ಉದ್ದ ಬಿಡಿ.

ಪ್ರಶ್ನೆ ಕೇಳಿದವರು

ಎರಡನ್ನೂ ಹಾಕಿ ಮೂರು ವಾರವಾಯಿತು. ಕಾಯಿಲ್ ಮೈನಸ್ 0.15 ವೋಲ್ಟ್, ಬಾಯಿಂದ ಎಳೆದರೂ ಅಲುಗುವುದಿಲ್ಲ. ಕಿಡಿ ನೀಲಿ, ಟಪ್ ಟಪ್ ಎಂಬ ಸದ್ದು ಎರಡು ಮಾರು ದೂರಕ್ಕೆ ಕೇಳುತ್ತದೆ. ಮೊನ್ನೆ ಉಡುಪಿಗೆ ಹೋಗಿ ಅದೇ ದಿನ ಘಾಟಿ ಹತ್ತಿ ಮರಳಿದೆವು, ಮಳೆಯಲ್ಲಿ. ಪ್ಲಗ್ ತೆಗೆದರೆ ನಾಲ್ಕೂ ಬಿಸ್ಕತ್ ಬಣ್ಣ.

1.5 ಓಮ್ ಕಾಯಿಲನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಡಿಕ್ಕಿಯಲ್ಲಿ ಸ್ಪೇರ್ ಎಂದು ಇಟ್ಟಿದ್ದೆ, ಆಮೇಲೆ ಯೋಚಿಸಿ ಹೊರಗೆ ತೆಗೆದು ‘ಈ ಕಾರಿಗಲ್ಲ’ ಎಂದು ಚೀಟಿ ಅಂಟಿಸಿ ಅಟ್ಟಕ್ಕೆ ಹಾಕಿದ್ದೇನೆ. ಧಾರವಾಡದವರ ಪದ್ಮಿನಿಗೆ ಬೇಕಿದ್ದರೆ ಅಳೆದು ಕೊಡುತ್ತೇನೆ.