ಪಲ್ಸರ್ 150ಗೆ ಹಿಂದೆ ಹೊಸ ಟೈರ್: ಪಿಕಪ್ ಇಳಿದಿದೆ, ತಿರುವಿನಲ್ಲಿ ಗಾಡಿ ವಾಲುವ ರೀತಿಯೇ ಬದಲಾಗಿದೆ

ಘಾಟಿ_ಸವಾರ:
ಗಾಡಿ ಪಲ್ಸರ್ 150, ಸಿಂಗಲ್ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್. ಕಂಪನಿಯಿಂದ ಬಂದ 100/90-17 ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ ಸವೆದಿತ್ತು. ಈಗ 120/80-17 ಹಾಕಿಸಿದೆ. ಮುಂದಿನದು ಹಳೆಯದೇ ಇದೆ. ಮೊದಲು 4ನೇ ಗೇರಲ್ಲೇ ಹತ್ತುತ್ತಿದ್ದ ಏರಿಗೆ ಈಗ 3ಕ್ಕೆ ಇಳಿಸಬೇಕು. ಅದೇ ಸ್ಪೀಡಿಗೆ ಆರ್‌ಪಿಎಂ ಕಡಿಮೆ ತೋರಿಸುತ್ತದೆ. ತಿರುವಿಗೆ ಹೊರಳಿಸಿದ ಕೂಡಲೇ ಗಾಡಿ ತಟ್ಟನೆ ವಾಲುತ್ತದೆ, ಆದರೆ ತಿರುವಿನ ನಡುವೆ ಹ್ಯಾಂಡಲ್ ಒತ್ತಿ ಹಿಡಿದೇ ಇರಬೇಕು, ಇಲ್ಲದಿದ್ದರೆ ಎದ್ದು ನಿಲ್ಲಲು ನೋಡುತ್ತದೆ. ಹೊಸ ಟೈರ್ ಪಳಗಿದ ಮೇಲೆ ಸರಿಹೋಗುತ್ತದಾ, ಅಥವಾ ಸೈಜ್ ತಪ್ಪಾಯಿತಾ?

ಚೈನ್_ಸ್ಪ್ರಾಕೆಟ್:
ಪಿಕಪ್ ವಿಷಯ ಲೆಕ್ಕದಲ್ಲೇ ಸಿಗುತ್ತದೆ ಸರ್. 17 ಇಂಚು ರಿಮ್ ಅಂದರೆ 431.8 ಮಿ.ಮೀ. 100/90 ಅಂದರೆ ಅಗಲ 100 ಮಿ.ಮೀ., ಬದಿಯ ಎತ್ತರ ಅದರ ಶೇ. 90. ಹೊಸ 100/90ಕ್ಕೆ ಮೇಲೂ ಕೆಳಗೂ 90 ಸೇರಿಸಿದರೆ ವ್ಯಾಸ 611.8. 120/80ರ ಎತ್ತರ 96, ಹಾಗಾಗಿ 623.8. ಇದು ಹೊಸದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ, ಸುಮಾರು ಶೇ. 2.

ಆದರೆ ನೀವು ಹೋಲಿಸುತ್ತಿರುವುದು ಸವೆದ ಟೈರಿನ ಜೊತೆ. ನಡುವೆ 6 ಮಿ.ಮೀ. ರಬ್ಬರ್ ಹೋಗಿದ್ದರೆ ಹಳೆಯದರ ವ್ಯಾಸ 600ಕ್ಕೆ ಇಳಿದಿತ್ತು. 600ರಿಂದ 624 ಅಂದರೆ ಶೇ. 4. ಮೊದಲು 5000 ಆರ್‌ಪಿಎಂನಲ್ಲಿ ಬರುತ್ತಿದ್ದ ವೇಗ ಈಗ 4800ರಲ್ಲಿ ಬರುತ್ತದೆ. ಪ್ರತಿ ಗೇರಲ್ಲೂ ಹಿಂದಿನ ಚಕ್ರದ ಎಳೆತ ಅಷ್ಟೇ ಕಮ್ಮಿ. ಸ್ಪೀಡೋ ಲೆಕ್ಕ ಹಿಡಿಯುವುದು ಮುಂದಿನ ಚಕ್ರದಿಂದ, ಅದಕ್ಕೇ ಅದು ಬದಲಾಗದೆ ಆರ್‌ಪಿಎಂ ಮಾತ್ರ ಇಳಿದಿದೆ. ಇದು ಪಳಗಿಸಿದರೆ ಹೋಗುವಂಥದ್ದಲ್ಲ.

ಅದೇ 100/90 ಹಾಕಿಸಿದ್ದರೂ ಶೇ. 2 ಇಳಿಕೆ ಇದ್ದೇ ಇರುತ್ತಿತ್ತು. ಹೊಸ ಟೈರ್ ಹಾಕಿದ ಮೇಲೆ ಗಾಡಿ ಮಂದ ಅನ್ನುವವರಲ್ಲಿ ಬಹಳ ಜನ ಈ ಅರ್ಧವನ್ನು ಮರೆತೇಬಿಡುತ್ತಾರೆ.

ನೈಟ್_ರೈಡ್:
ಮುಖ್ಯ ಕಾರಣ ತೂಕ ಅಲ್ವಾ? 120 ಟೈರ್ ಭಾರ, ತಿರುಗುವ ಭಾಗದ ತೂಕ ಎರಡು ಪಟ್ಟು ಲೆಕ್ಕ ಅಂತಾರಲ್ಲ.

ಚೈನ್_ಸ್ಪ್ರಾಕೆಟ್:
ಎರಡು ಪಟ್ಟು ಅನ್ನುವುದು ಹೆಚ್ಚುಕಮ್ಮಿ ನಿಜ, ಯಾಕೆಂದರೆ ಆ ತೂಕ ಚಕ್ರದ ಅಂಚಿನಲ್ಲೇ ಇರುತ್ತದೆ. ಆದರೆ ಟೈರ್ 1 ಕೆ.ಜಿ. ಹೆಚ್ಚಿದ್ದರೆ ವೇಗ ಹಿಡಿಯುವಾಗ 2 ಕೆ.ಜಿ. ಹೆಚ್ಚಿದ ಹಾಗೆ, ಅಷ್ಟೇ. ಗಾಡಿ, ಸವಾರ ಸೇರಿ 200 ಕೆ.ಜಿ. ದಾಟುತ್ತದೆ, ಅದರಲ್ಲಿ ಶೇ. 1. ವ್ಯಾಸದ ಶೇ. 4 ಅದಕ್ಕಿಂತ ಎಷ್ಟೋ ದೊಡ್ಡದು. ಒಂದೇ ವೇಗದಲ್ಲಿ ಏರು ಹತ್ತುವಾಗಂತೂ ತಿರುಗುವ ತೂಕಕ್ಕೆ ವಿಶೇಷ ಲೆಕ್ಕವೇ ಇಲ್ಲ.

ರಿಮ್_ಟು_ರಿಮ್:
ನಾನು ಹ್ಯಾಂಡ್ಲಿಂಗ್ ಬಗ್ಗೆ ಹೇಳುತ್ತೇನೆ. ಇಲ್ಲಿ ಮೂರು ಕಾರಣ ಬೆರೆತಿವೆ, ಒಂದೊಂದಾಗಿ ಬಿಡಿಸಬೇಕು.

ಚಪ್ಪಟೆಯಾಗಿ ಸವೆದ ಟೈರ್ ಮೊದಲು ವಾಲಲು ಒಪ್ಪುವುದಿಲ್ಲ, ಆ ಅಂಚು ದಾಟಿದ ಮೇಲೆ ಒಮ್ಮೆಲೇ ಬೀಳುತ್ತದೆ. ಕೈ ಅದಕ್ಕೇ ಒಗ್ಗಿರುತ್ತದೆ, ಜೋರಾಗಿ ಒತ್ತುವ ಅಭ್ಯಾಸ. ಹೊಸ ಗುಂಡು ಟೈರಿಗೆ ಅಷ್ಟು ಬಲ ಬೇಡ, ಹಾಗಾಗಿ ತಟ್ಟನೆ ವಾಲಿದಂತೆ ಅನಿಸುತ್ತದೆ. ಜೊತೆಗೆ ಹಿಂದಿನ ಆಕ್ಸಲ್ ಸುಮಾರು 12 ಮಿ.ಮೀ. ಮೇಲೆದ್ದಿದೆ, ಮುಂದಿನ ಫೋರ್ಕ್ ತುಸು ನೆಟ್ಟಗಾಗಿದೆ. ಅದೂ ಹ್ಯಾಂಡಲ್ ಚುರುಕಾಗಿಸುತ್ತದೆ. ಇಷ್ಟು ಒಳ್ಳೆಯ ಬದಲಾವಣೆಯೇ, ಬೇಗ ಒಗ್ಗುತ್ತದೆ.

ಎದ್ದು ನಿಲ್ಲಲು ನೋಡುವುದು ಅಗಲದ ಫಲ. ಗಾಡಿ ವಾಲಿದಾಗ ರಸ್ತೆಗೆ ತಾಗುವ ಜಾಗ ನಡುಗೆರೆಯಿಂದ ಬದಿಗೆ ಸರಿಯುತ್ತದೆ. ಟೈರ್ ಅಗಲವಾದಷ್ಟೂ ಹೆಚ್ಚು ಸರಿಯುತ್ತದೆ, ಗಾಡಿಯನ್ನು ನೆಟ್ಟಗೆ ಮಾಡಲು ತಳ್ಳುತ್ತದೆ. ಅದೇ ತಿರುವನ್ನು ಅದೇ ವೇಗದಲ್ಲಿ ತೆಗೆಯಲು ಇನ್ನಷ್ಟು ವಾಲಿಸಬೇಕು.

ಇನ್ನು ರಿಮ್. 120/80-17 ಪಲ್ಸರ್ 180ರ ಸೈಜ್, ಅದಕ್ಕೆ ತಕ್ಕ ರಿಮ್ ಅದರಲ್ಲಿದೆ. ನಿಮ್ಮ ರಿಮ್ ಮೇಲೆ 17 ಜೊತೆ ಅಚ್ಚಾಗಿರುವ ಅಗಲದ ಅಂಕಿ ಓದಿ, ಈ ಟೈರಿಗೆ ಟೈರ್ ಕಂಪನಿ ಒಪ್ಪುವ ರಿಮ್ ಅಗಲದ ಪಟ್ಟಿಯೊಂದಿಗೆ ಹೋಲಿಸಿ. ರಿಮ್ ಇಕ್ಕಟ್ಟಾದರೆ ಟೈರಿನ ಎರಡೂ ಬದಿ ಒಳಕ್ಕೆ ಎಳೆದುಕೊಂಡು ನಡು ಉಬ್ಬುತ್ತದೆ. ನೋಡಲು ದಪ್ಪ, ಹಿಡಿತ ಮಾತ್ರ ಹೆಚ್ಚಾಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಟೈರ್ ಬೇಡವೇ ಬೇಡ.

ಹಾಗೆಯೇ ಹಿಂದೆ ಒಬ್ಬರನ್ನು ಕೂರಿಸಿ ಟೈರಿಗೂ ಚೈನಿಗೂ, ಹಿಂದಿನ ಚಕ್ರ ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮಿಗೂ, ಮಡ್‌ಗಾರ್ಡಿಗೂ ನಡುವೆ ಜಾಗ ನೋಡಿ. 5 ಮಿ.ಮೀ.ಗಿಂತ ಕಡಿಮೆ ಇದ್ದರೆ ಓಡಿಸಬೇಡಿ.

ಹಿಂಚಕ್ರ:
ಸೈಜ್ ಮೇಲೆ ಎಲ್ಲವನ್ನೂ ಹೊರಿಸುವ ಮೊದಲು ಜೋಡಣೆ ನೋಡಿ. ಟೈರ್ ಬದಲಿಸಲು ಚಕ್ರ ಬಿಚ್ಚಿರುತ್ತಾರೆ, ಪಿಕಪ್ ಕದಿಯುವ ತಪ್ಪುಗಳು ಅಲ್ಲೇ ಆಗುವುದು.

ಗಾಡಿ ತಣ್ಣಗಿರುವಾಗ ಗಾಳಿ ಅಳೆಯಿರಿ. ಟ್ಯೂಬ್‌ಲೆಸ್ ಟೈರಿನ ಅಂಚು ರಿಮ್‌ನಲ್ಲಿ ಕೂರಲೆಂದು ಅಂಗಡಿಯಲ್ಲಿ 40 ಪಿಎಸ್‌ಐ ತುಂಬಿ, ಇಳಿಸದೆ ಹಾಗೇ ಕೊಡುವುದು ಮಾಮೂಲು. ಪಲ್ಸರ್ 150ಗೆ ಹೇಳಿರುವುದು ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32. ಮೆಯಿನ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ಜೋರಾಗಿ ತಿರುಗಿಸಿ, ಎರಡು ಸುತ್ತಾದರೂ ಸಲೀಸಾಗಿ ಹೋಗಬೇಕು. ಟೈರಿನ ಬದಿಯ ಬಾಣ ತಿರುಗುವ ದಿಕ್ಕಿಗೇ ಇದೆಯಾ, ಅಂಚಿನ ಗೆರೆ ರಿಮ್‌ನಿಂದ ಸುತ್ತಲೂ ಒಂದೇ ದೂರದಲ್ಲಿದೆಯಾ ನೋಡಿ. ಆ ಗೆರೆ ಒಂದು ಕಡೆ ಒಳಗೆ ಹೋಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ.

ಮೊದಲ 150-200 ಕಿ.ಮೀ. ಮೆಲ್ಲಗೆ ಓಡಿಸಿ. ಹೊಸ ಟೈರಿನ ಮೇಲ್ಮೈ ನಯ, ಅಚ್ಚಿನಿಂದ ಬಿಡಿಸಲು ಹಾಕಿದ ಪದಾರ್ಥವೂ ಉಳಿದಿರಬಹುದು. ನೇರ ರಸ್ತೆಯಲ್ಲಿ ಓಡಿಸಿದರೆ ನಡುಭಾಗ ಮಾತ್ರ ಸವೆಯುತ್ತದೆ, ಬದಿಗಳು ಹಾಗೇ ಜಾರುತ್ತವೆ. ವಾಲಿಕೆಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಮಳೆಗಾಲದ ಚಾರ್ಮಾಡಿಯಂಥ ಕಡೆಗೆ ಪಳಗಿಸದ ಟೈರ್ ಒಯ್ಯಬೇಡಿ. ಟೈರಿಗೆ ಪಾಲಿಶ್ ಹಚ್ಚುವುದೂ ಬೇಡ.

ಘಾಟಿ_ಸವಾರ:
ನೋಡಿದೆ. ಹಿಂದೆ 41 ಪಿಎಸ್‌ಐ ಇತ್ತು, 28ಕ್ಕೆ ಇಳಿಸಿದೆ. ಚಕ್ರ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿದೆ, ಡ್ರಮ್‌ನಲ್ಲಿ ಉಜ್ಜುವ ಸದ್ದು ಬರುತ್ತಿದೆ. ಚೈನ್ ಕೂಡ ಬಿಗಿ.

ಹಿಂಚಕ್ರ:
ಹಾಗಾದರೆ ಏರಿನ ತೊಂದರೆಯಲ್ಲಿ ದೊಡ್ಡ ಪಾಲು ಬ್ರೇಕಿನದೇ. ಮೊದಲು ಚೈನ್, ಆಮೇಲೆ ಬ್ರೇಕ್. ಆಕ್ಸಲ್ ಸರಿದರೆ ಬ್ರೇಕ್ ರಾಡ್‌ನ ಬಿಗಿ ಬದಲಾಗುವುದರಿಂದ ಈ ಕ್ರಮ ತಪ್ಪಬಾರದು. ಬ್ರೇಕ್ ರಾಡ್‌ನ ನಟ್ ಪೂರ್ತಿ ಸಡಿಲಿಸಿ, ಆಕ್ಸಲ್ ನಟ್ ಸಡಿಲಿಸಿ. ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿಯಿರುವ ಜಾಗ ಹುಡುಕಿ, ಅಲ್ಲಿ ಕೆಳಗಿನ ಚೈನ್ ನಡುವೆ 25-30 ಮಿ.ಮೀ. ಆಡುವಂತೆ ಮಾಡಿ. ಸ್ವಿಂಗ್‌ಆರ್ಮ್‌ನ ಎರಡೂ ಬದಿಯ ಗುರುತು ಒಂದೇ ಇರಲಿ. ಈಗ ಬ್ರೇಕ್ ಪೆಡಲ್ ಒತ್ತಿ ಹಿಡಿದುಕೊಂಡೇ ಆಕ್ಸಲ್ ನಟ್ ಬಿಗಿ ಮಾಡಿಸಿ, ಬ್ರೇಕ್ ಲೈನರ್‌ಗಳು ಡ್ರಮ್‌ನ ನಡುವಿಗೆ ಬಂದು ಕೂರುತ್ತವೆ. ಕೊನೆಗೆ ಪೆಡಲ್ 20-25 ಮಿ.ಮೀ. ಆಡುವಷ್ಟು ರಾಡ್ ನಟ್ ತಿರುಗಿಸಿ. ಇಷ್ಟಾದರೂ ಉಜ್ಜಿದರೆ ಆಕ್ಸಲ್ ಬುಷ್‌ಗಳು ಎಡಬಲ ಅದಲುಬದಲಾಗಿವೆಯೇ ನೋಡಿಸಿ.

ಚೈನ್_ಸ್ಪ್ರಾಕೆಟ್:
ಬ್ರೇಕ್ ಸರಿಪಡಿಸಿ ಅದೇ ಏರು ಹತ್ತಿಸಿ ನೋಡಿ. 120ರ ಪಟ್ಟಿಯಲ್ಲಿ ನಿಮ್ಮ ರಿಮ್ ಅಗಲ ಇದ್ದು, ಇನ್ನೂ ಮಂದ ಅನಿಸಿದರೆ ಮುಂದಿನ ಸಲ ಚೈನ್ ಸೆಟ್ ಬದಲಿಸುವಾಗ ಹಿಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಹೆಚ್ಚಿಸಿ. 44 ಹಲ್ಲಿನದಕ್ಕೆ ಒಂದು ಸೇರಿಸಿದರೆ ಶೇ. 2.3 ಎಳೆತ ವಾಪಸ್. ಪಟ್ಟಿಯಲ್ಲಿ ಇಲ್ಲದಿದ್ದರೆ 100/90ಕ್ಕೇ ಮರಳಿ, ಸ್ಪ್ರಾಕೆಟ್ ಮುಟ್ಟಬೇಡಿ.